ಇಳಿಯಲೊಲ್ಲದ ಗೇರು, ಸೋಲಲೊಲ್ಲದ ಬೀಗರು

ಕೃತಯುಗ ಕಳೆಯಿತು, ತ್ರೇತಾಯುಗ ಕಳೆಯಿತು, ದ್ವಾಪರವೂ ರಥಗಳ ಧೂಳಿನಲ್ಲಿ ಮುಗಿದುಹೋಯಿತು; ಆ ಮೂರು ಯುಗಗಳಲ್ಲಿ ಒಬ್ಬನೇ ಒಬ್ಬ ಸಾರಥಿಗೂ ಹಿಂದಿನ ಗಾಲಿಯ ಗೇರು ಬೀಳದ ಸಂಕಟ ಬರಲಿಲ್ಲ. ಆ ಭಾಗ್ಯವನ್ನು ವಿಧಿಯು ಕಲಿಯುಗಕ್ಕೆಂದೇ, ಅದರಲ್ಲೂ ವಿಜಯಪುರದ ಚಳಿಗಾಲದ ಒಂದು ನಸುಕಿಗೆಂದೇ ಎತ್ತಿಟ್ಟಿತ್ತು. ಸಕಲ ಚಕ್ರಗಳನ್ನು ಉರುಳಿಸುವ ದೈವವೇ, ಗೋಧೂಮಚೂರ್ಣಧವಳಿತಭ್ರೂಯುಗಳನೂ, ಪಟ್ಟಾಘಾತಘರ್ಘರಧ್ವನಿಬಧಿರಿತಕರ್ಣನೂ ಆದ ಗಿರಣಿ ಮುರಿಗೆಪ್ಪನ ಪರಾಕ್ರಮವನ್ನು ಹಾಡುವ ಬಾಯಿಗೆ ಬಲ ಕೊಡು. ಹುಬ್ಬಿಗೆ ಹಿಟ್ಟು ಹತ್ತಿದ, ಕಿವಿ ಸ್ವಲ್ಪ ಮಂದವಾದ ಮನುಷ್ಯ ಎಂದರೂ ಅರ್ಥ ಅಷ್ಟೇ.

ಮುರಿಗೆಪ್ಪನ ಸೊಸೆ ದಾನೇಶ್ವರಿ ಸೈಕಲ್ ಓಟಗಾರ್ತಿ. ತವರಿನಿಂದ ಬರುವಾಗ ಬಂಗಾರದ ಜೊತೆಗೆ ಗೇರಿನ ಸೈಕಲ್ಲನ್ನೂ ತಂದವಳು. ಗಂಡ ಬಸ್ಸಿನ ಡ್ರೈವರ್. ಸೊಲ್ಲಾಪುರದ ದಾರಿಯೇ ಅವನಿಗೆ ಮನೆ. ಹಾಗಾಗಿ ನಸುಕಿನ ಅಭ್ಯಾಸಕ್ಕೆ ಬೆಂಗಾವಲಾಗುವ ಮಹಾಪದವಿ ಮಾವನಿಗೆ ಒಲಿದಿತ್ತು. ಹಳೆಯ ಸ್ಕೂಟರಿನ ಮಂಕು ದೀಪವನ್ನು ಅವಳ ಮುಂದಿನ ರಸ್ತೆಗೆ ಚೆಲ್ಲುತ್ತ, ಮಫ್ಲರು ಸುತ್ತಿಕೊಂಡು ಡುಗುಡುಗು ಹಿಂದೆ ಹೋಗುವ ಆ ಒಂದು ಗಳಿಗೆಗಾಗಿ ಅವನು ಉಳಿದ ದಿನವನ್ನೆಲ್ಲ ಸಹಿಸುತ್ತಿದ್ದ. ಯಾರ ಮಾತನ್ನೂ ಎರಡು ಸಲ ಕೇಳಿಸಿಕೊಳ್ಳಬೇಕಾಗಿದ್ದ ಆ ಕಿವಿಗೆ, ಅವಳು ತಿರುವಿನಲ್ಲಿ ನಿಂತು "ಮಾವಾರ, ಇವತ್ತ ಹೆಂಗ ಹೊಡದೆ?" ಎನ್ನುವುದು ಮಾತ್ರ ಒಂದೇ ಸಲಕ್ಕೆ ಕೇಳಿಸುತ್ತಿತ್ತು.

ಹೀಗಿರಲು ಗೇರು ಮುನಿಸಿಕೊಂಡಿತು. ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರಕ್ಕೆ ಏರಿದ ಚೈನು ಸಣ್ಣದಕ್ಕೆ ಇಳಿಯಲೊಲ್ಲದು. ಏರು ಮುಗಿದು ಇಳಿಜಾರು ಬಂದರೂ ಪೆಡಲು ಗಿರಗಿರ ತಿರುಗುವುದೇ ಹೊರತು ಸೈಕಲ್ಲಿಗೆ ವೇಗವಿಲ್ಲ. ಜಿಲ್ಲಾ ತಂಡದ ಆಯ್ಕೆಯೋ ಮುಂದಿನ ವಾರ. ಸುದ್ದಿ ತವರಿಗೆ ಮುಟ್ಟಿತು. ತಂದೆ ಈರಸಂಗಪ್ಪ ಒಂದು ಮಧ್ಯಾಹ್ನ ಬಂದು, ಹೊಟ್ಟೆತುಂಬ ಉಂಡು, ಸೈಕಲ್ಲು ಹತ್ತಿ ಓಣಿ ಸುತ್ತಿ, ಗೇರು ಸಲೀಸಾಗಿ ಬೀಳುವುದನ್ನು ಕಂಡು, "ಎಲ್ಲಾ ಬರೋಬ್ಬರಿ ಐತಿ" ಎಂದು ಹೋದ. ಮರುದಿನ ನಸುಕಿಗೆ ಮತ್ತೆ ಅದೇ ಹಟ. ಬೀಗ ಸುಳ್ಳುಗಾರನೆಂದು ಈ ಮನೆ. ಕೊಟ್ಟ ಒಳ್ಳೆಯ ವಸ್ತುವನ್ನು ಕೆಡಿಸಿ ನೆಪ ಹೇಳುತ್ತಾರೆಂದು ಆ ಮನೆ.

ಕೊನೆಗೆ ಒಂದು ನಸುಕಿನಲ್ಲಿ, ಹಕ್ಕಿಗಳು ಇನ್ನೂ ಯೋಚಿಸುತ್ತಿರುವಾಗಲೇ, ಉದ್ದಂಡಶ್ಮಶ್ರುಮಂಡಿತವದನನಾದ ಈರಸಂಗಪ್ಪನು ಬಾಡಿಗೆಯ ಟಂಟಂ ಎಂಬ ತ್ರಿಚಕ್ರರಥವನ್ನು ಬೀಗನ ಬಾಗಿಲಿಗೆ ತಂದು ನಿಲ್ಲಿಸಿ, ಸ್ಕ್ರೂಡ್ರೈವರ್‌ಪಾಣಿಯಾಗಿ ಅಂಗಳಕ್ಕಿಳಿದ. "ಎಲೈ ಪಿಷ್ಟಯಂತ್ರಾಧೀಶ್ವರನೇ, ನಿನ್ನ ಅಲಕ್ಷ್ಯದಿಂದ ಬಳಲಿದ ನನ್ನ ಕುವರಿಯನ್ನೂ ಆಕೆಯ ವಾಹನವನ್ನೂ ಈಗಲೇ ಬಿಡಿಸಿಕೊಂಡು ಹೋಗುವೆನು" ಎಂಬುದು ಅವನ ಘರ್ಜನೆಯ ಭಾವ. ಬಾಯಿಂದ ಬಂದದ್ದು ಹೀಗೆ:

"ನಮಸ್ಕಾರ್ರಿ ಬೀಗರ. ಆಯ್ಕೆ ಮುಗಿಯೂತನಾ ದಾನಿ ನಮ್ಮನ್ಯಾಗ ಇರ್ಲಿ. ನಿಮ್ಮನ್ಯಾಗ ಮನಿಷಾರಿಗೆ ಬಿಸಿರೊಟ್ಟಿ ಸಿಗ್ತಾವು, ಅದು ಖರೆ. ಸೈಕಲ್ಲಿಗೆ ಜ್ವಾಪಾನ ಇಲ್ಲ."

ಮುರಿಗೆಪ್ಪನ ಎದೆ ಧಸಕ್ಕೆಂದಿತು. ಆದರೂ ವೀರರಿಗೆ ಎದೆಯ ಸದ್ದನ್ನು ನಾಲಗೆಯಿಂದ ಮುಚ್ಚುವುದು ಗೊತ್ತು.

"ನೀವು ಕೊಟ್ಟ ಮಾಲು ಎಮ್ಮಿ ಇದ್ದಂಗೈತ್ರಿ. ಗಿರಾಕಿ ಬಂದಾಗ ಸುಮ್ಮನ ನಿಂದರತೈತಿ. ಮುಂಜಾನಿ ಹಿಂಡಾಕ ಕುಂತ್ರ ಒದಿತೈತಿ."

"ಎಮ್ಮಿ ಕಟ್ಟಾಕ ಬರಲಾರ್ದಂವ ಎಮ್ಮೀನ ಬೈತಾನ್ರಿ. ನ್ಯಾಯ ಇಲ್ಲೇ ಬಗಿಹರೀಲಿ. ಮಾಲಿಂದ ತಪ್ಪಿದ್ರ ಟಂಟಂ ಖಾಲಿ ಒಯ್ತೀನಿ. ನಿಮ್ಮ ತಪ್ಪಾದ್ರ ಮಗಳನ್ನ ಕರಕೊಂಡು ಹೋಗಾಂವ."

"ಆತ್ರಿ."

"ನನ್ನ ಯಾರೂ ಕೇಳೂದಿಲ್ಲೇನು?" ಎಂದಳು ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದ ದಾನೇಶ್ವರಿ. ಮಹಾಯುದ್ಧಗಳಲ್ಲಿ ಯಾರಿಗಾಗಿ ಯುದ್ಧವೋ ಅವರ ಮಾತು ಕೇಳುವ ರೂಢಿ ಎಂದೂ ಇಲ್ಲ.

ಈರಸಂಗಪ್ಪ ಮೊದಲ ಬಾಣವಾಗಿ ಹಿಂದಿನ ಗಾಲಿಯ ಬಳಿಯ ಸ್ಕ್ರೂಗೆ ಕೈ ಹಾಕಿದ. ಮುರಿಗೆಪ್ಪ ಅವನ ಮುಂಗೈ ಹಿಡಿದ.

"ತಿರವಬ್ಯಾಡ್ರಿ. ಹೊಟ್ಟಿ ನೂಸತೈತಿ ಅಂದ್ರ ಹಲ್ಲ ಕೀಳ್ತೀರೇನು? ಮೊದಲ ನೋಡೂಣು."

ಗಿರಣಿಯ ಯಂತ್ರ ಕೆಟ್ಟಾಗಲೆಲ್ಲ ಅವನು ಹಾಗೆಯೇ ಮಾಡುತ್ತಿದ್ದ: ಮೊದಲು ಕೈ ಕಟ್ಟಿ ನೋಡುವುದು, ಆಮೇಲೆ ಒಂದೊಂದನ್ನೇ ಬಿಡಿಸಿ ಕೇಳುವುದು. ಬೀಗ ಸೀಟು ಹಿಡಿದು ಹಿಂದಿನ ಗಾಲಿ ಎತ್ತಿದ. ಮುರಿಗೆಪ್ಪ ಪೆಡಲು ತಿರುವಿದ. ಸೊಸೆ ಹ್ಯಾಂಡಲಿನ ಗೇರು ಒತ್ತಿದಳು. ಚೈನು ಕಟಕಟನೆ ದೊಡ್ಡ ಚಕ್ರಕ್ಕೆ ಏರಿತು. ಬಿಟ್ಟಳು. ಅದು ಮಾವನ ಮನೆಗೆ ಬಂದ ಅಳಿಯನಂತೆ ಅಲ್ಲೇ ಕೂತಿತು, ಇಳಿಯುವ ಮಾತಿಲ್ಲ.

ಚೈನನ್ನು ಅತ್ತಿತ್ತ ತಳ್ಳುವ ಸಣ್ಣ ತೋಳನ್ನು ಮುರಿಗೆಪ್ಪ ಬೆರಳಿನಿಂದ ದೂಡಿದ. ಅದು ಸಡಿಲಾಗಿ ಹೋಗಿ ಸ್ಪ್ರಿಂಗಿನ ಬಲದಲ್ಲಿ ತಿರುಗಿ ಬಂತು. ಹಿಂದಿನಿಂದ ಬಗ್ಗಿ ನೋಡಿದ; ನೆಟ್ಟಗಿತ್ತು.

"ತೋಳಿಂದೇನೂ ತಪ್ಪಿಲ್ಲ. ಏರಸಾಕ ಕೇಬಲ್ಲ ಜಗ್ಗತೈತಿ, ನಿಮ್ಮ ಮಗಳ ಬೆರಳಿಗೆ ಜೋರೈತಿ, ಏರತೈತಿ. ಇಳಸಾಕ ಕೇಬಲ್ಲ ತಾನ ಸಡಲ ಬಿಡಬೇಕು. ಬಿಡವಲ್ದು. ಒಳಗ ಏನೋ ಹಿಡಕೊಂಡೈತಿ."

"ಹಾಂಗಾರ ಮಾಲಿನ ತಪ್ಪ ಅಂತೀರಿ," ಎಂದ ಈರಸಂಗಪ್ಪ ಮೀಸೆಯನ್ನು ಅರ್ಧ ಇಳಿಸಿ.

ಮುರಿಗೆಪ್ಪನ ಮುಖದಲ್ಲಿ ವಿಜಯಲಕ್ಷ್ಮಿ ಆಗಲೇ ಒಂದು ಕಾಲಿಟ್ಟಿದ್ದಳು. ಅವನು ಕೇಬಲ್ಲಿನ ಕರಿಯ ಕೊಳವೆಯನ್ನು ಅದರ ಗೂಡಿನಿಂದ ಬಿಡಿಸಿ ಹಿಂಡಿದ. ಕೊಳವೆಯ ಬಾಯಿಂದ ಬೆಳ್ಳಗಿನದೇನೋ ಇಷ್ಟೇ ಇಷ್ಟು ಹೊರಬಂತು. ಬೆರಳಿಗೆ ತೆಗೆದುಕೊಂಡು ಮೂಸಿದ. ವಿಜಯಲಕ್ಷ್ಮಿ ಇಟ್ಟ ಕಾಲನ್ನು ಹಿಂದೆಗೆದಳು.

ಆ ಪರಿಮಳ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಹೆಂಡತಿ ನಿಂಬೆವ್ವನ ಜಡೆಯ ಪರಿಮಳ. ಗಿರಣಿಯ ಕರಿ ಎಣ್ಣೆ ಸೊಸೆಯ ಸೈಕಲ್ಲಿಗೆ ಮರ್ಯಾದೆಯಲ್ಲ ಎಂದು, ಪ್ರತಿ ಶನಿವಾರ ಯಾರಿಗೂ ಹೇಳದೆ ಅಪ್ಪಟ ಕೊಬ್ಬರಿ ಎಣ್ಣೆಯನ್ನು ಆ ಕೊಳವೆಗೆ ಹನಿಹನಿಯಾಗಿ ಉಣಿಸಿದವನು ಅವನೇ. ಬಿಸಿಲಿಗೆ ನೀರಾಗುವ ಎಣ್ಣೆ ಚಳಿಯ ನಸುಕಿಗೆ ಮೇಣವಾಗುತ್ತಿತ್ತು. ಮಧ್ಯಾಹ್ನ ಬಂದ ಬೀಗನೂ ಸುಳ್ಳು ಹೇಳಿರಲಿಲ್ಲ. ಮುಂಜಾನೆ ಗೋಳಾಡಿದ ಮನೆಯೂ ಸುಳ್ಳು ಹೇಳಿರಲಿಲ್ಲ.

"ಏನ್ರಿ ಅದು?" ಎಂದ ಈರಸಂಗಪ್ಪ.

ಬೆರಳನ್ನು ಧೋತರಕ್ಕೆ ಒರೆಸಿ 'ಧೂಳು' ಎಂದರೆ ಮುಗಿಯಿತು. ಧೂಳೆಂಬ ಪದ ಗಂಟಲವರೆಗೆ ಬಂದೂ ಇತ್ತು. ಅಷ್ಟರಲ್ಲಿ ಒಲೆಯ ಮುಂದಿದ್ದ ನಿಂಬೆವ್ವ ಬಾಗಿಲಿಗೆ ಬಂದು, ಗಂಡನ ಬೆರಳನ್ನೂ ಮುಖವನ್ನೂ ನೋಡಿದಳು.

"ಅಂತೂ ನನ್ನ ಎಣ್ಣಿ ಬಾಟ್ಲಿ ಎಲ್ಲಿ ಖಾಲಿ ಆಕ್ಕೈತಿ ಅಂತ ತಿಳೀತು. ನಾ ಇಲಿ ಕುಡದಾವು ಅಂತ ಬೋನಾ ಇಟ್ಟಿದ್ನಿ."

ಮುರಿಗೆಪ್ಪ ಎದ್ದು ನಿಂತ. "ತಪ್ಪ ನಂದ್ರಿ ಬೀಗರ. ಛಲೋ ಆಗ್ಲಿ ಅಂತ ಹಾಕಿದ್ನಿ. ಥಂಡಿಗೆ ಹೆಪ್ಪಗಟ್ಟೈತಿ." ಒಳಗೆ ಹೋಗಿ, ಒಲೆಯ ಮೇಲಿನ ಹಂಡೆಯಿಂದ ಬಿಸಿನೀರು ತೋಡಿ ತಂದು ಕೊಳವೆಯ ಮೇಲೆ ಸುರಿದ, ಸಾಲದೆ ಚೊಂಬಿನ ಮೇಲೆ ಚೊಂಬು ತಂದು ಸುರಿದ. ದಾನೇಶ್ವರಿ ಗೇರು ಬಿಟ್ಟಳು. ಚೈನು ಟಣ್ ಎಂದು ಸಣ್ಣ ಚಕ್ರಕ್ಕೆ ಇಳಿಯಿತು. ಗೆಲ್ಲಿಸಬೇಕಾದ ಸದ್ದೇ ಅವನನ್ನು ಸೋಲಿಸಿತ್ತು. ಚೊಂಬು ಹಿಡಿದು ನೆಲ ನೋಡುತ್ತ ನಿಂತ.

"ಮಾತಂದ್ರ ಮಾತ್ರಿ," ಎಂದ ಈರಸಂಗಪ್ಪ ಮೀಸೆಯನ್ನು ಪೂರ್ತಿ ಏರಿಸಿ. "ದಾನಿ, ಅರಬಿ ಗಂಟ ಕಟ್ಕೋ."

"ಮಾತ ನೀವಿಬ್ರು ಕೊಟ್ಟೀರಿ. ಟಂಟಂದಾಗ ನೀವಿಬ್ರ ಹೋಗ್ರಿ," ಎಂದಳು ದಾನೇಶ್ವರಿ. "ಅಪ್ಪಾ, ಅಲ್ಲಿ ನಸುಕಿನ್ಯಾಗ ನನ್ನ ಹಿಂದ ದೀಪಾ ಹಿಡಕೊಂಡು ಯಾರ ಬರ್ತಾರ? ನೀವು ಇಷ್ಟ ಲಗೂ ಎದ್ದಿದ್ದು ನಾ ಕಂಡಂಗ ಇವತ್ತ ಮೊದ್ಲು."

ಈರಸಂಗಪ್ಪ ಉತ್ತರಕ್ಕೆಂದು ಬಾಯಿ ತೆರೆದ. ಬಂದದ್ದು ಆಕಳಿಕೆ.

"ಮಾವಾರ, ಕೇಬಲ್ಲ ಅಂಗಡ್ಯಾಗ ಬದಲಿ ಮಾಡಸ್ತೀನಿ. ಎಣ್ಣಿ ಅತ್ತ್ಯಾರ ತಲಿಗೆ ಇರ್ಲಿ. ಇವತ್ತ ಬೆಳಕ ಹರದೈತಿ, ನೀವು ಬರಬ್ಯಾಡ್ರಿ. ನಾಳೆ ಲಗೂ ಏಳ್ರಿ." ಪೆಡಲು ತುಳಿದು, ಓಣಿಯ ತುದಿಯಲ್ಲಿ ಒಂದೊಂದೇ ಗೇರು ಇಳಿಸುತ್ತ ಹೊರಟೇಹೋದಳು.

'ನಾಳೆ' ಎಂಬ ಮಾತು ಮುರಿಗೆಪ್ಪನಿಗೆ ಒಂದೇ ಸಲಕ್ಕೆ ಕೇಳಿಸಿತು. ಅವನು ಬೀಗನತ್ತ ದಿಗ್ವಿಜಯದ ನಗೆಯೊಂದನ್ನು ಬೀರಬೇಕೆಂದಿದ್ದ. ಅಷ್ಟರಲ್ಲಿ ಒಳಗಿನಿಂದ ಖಾಲಿ ಹಂಡೆ ಢಣ್ಣೆಂದಿತು.

"ಜಳಕದ ನೀರೆಲ್ಲಾ ಸೈಕಲ್ಲಿಗೆ ಸುರದೀರಿ. ನಳಾ ಈಗ ಬಂದ್ ಆಕ್ಕೈತಿ. ತಗೋರಿ," ಎಂದು ನಿಂಬೆವ್ವ ಎರಡು ಕೊಡ ತಂದು ಇಬ್ಬರ ಮುಂದೂ ಕುಕ್ಕಿದಳು.

ಈರಸಂಗಪ್ಪ ಅವಳತ್ತ ನೋಡಿದ. "ಬೀಗರ ಕೈಲೆ ನೀರ ಹೊರಸ್ತೀರೇನ್ರಿ?"

"ಹೊರಸಬಾರ್ದು ಅಂತ ನಂಗೂ ಗೊತ್ತೈತ್ರಿ. ಅದಕ್ಕ ನಿಮಗ ಸಣ್ಣ ಕೊಡ."

ಜಗದೇಕವೀರರಿಬ್ಬರೂ ನಳದ ಪಾಳಿಯ ಕೊನೆಯಲ್ಲಿ ಹೋಗಿ ನಿಂತರು.