ಐದನೆಯ ಸಂಪುಟದ ರಾಣಿ ಇಷ್ಟು ಬೇಗ ಕರಗಿದ್ದೇಕೆ?

'ಬೂದಿಬೆಟ್ಟದ ರಾಣಿ' ಮಾಲಿಕೆಯ ಕರ್ತೃಗಳಾದ ಮಾನ್ಯ ವಿರಾಸ್ಮೋಯೊ ಅವರ ಸನ್ನಿಧಾನಕ್ಕೆ,

ಮಾನ್ಯರೇ, ಪೆಕಲೋಂಗನ್ನಿನ ಬಾಟಿಕ್ ಓಣಿಯಿಂದ ವುರ್ಯಾನಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಐದನೆಯ ಸಂಪುಟ ಬಂದ ಮೇಲೆ ನಮ್ಮ ಮನೆಯಲ್ಲಿ ಯಾರೂ ಅಷ್ಟೇನೂ ಕ್ಷೇಮವಾಗಿಲ್ಲ.

ನನ್ನ ಅತ್ತೆ ಇಬು ಮುರ್ತಿನಾ, ಜೀವಮಾನವೆಲ್ಲ ಬಟ್ಟೆಯ ಮೇಲೆ ಬಿಸಿ ಮೇಣದ ಗೆರೆ ಎಳೆದು ಕಣ್ಣು ಮಂಜಾಗಿಸಿಕೊಂಡವರು. ಅವರ ಮಗ ಆ ಕಸುಬು ಬಿಟ್ಟು ಮೋಟಾರ್ ಸೈಕಲ್ ರಿಪೇರಿಗೆ ಇಳಿದದ್ದು ನನ್ನ ಮಾತು ಕೇಳಿ ಎಂಬುದು ಅವರ ದೂರು. ಅದು ನಿಜವೂ ಹೌದು. ಹಾಗಾಗಿ ನಮ್ಮಿಬ್ಬರ ನಡುವೆ ಉಪ್ಪು ಖಾರಕ್ಕೆ ಬೇಕಾದಷ್ಟೇ ಮಾತು. ತಮ್ಮ ರಾಣಿ ಸೊಸೆಯ ಮೇಲೆ ನಿಜವಾಗಿಯೇ ಬೆಂಕಿ ಕಾರುತ್ತಾಳೆಂದು ಯಾರೋ ಹೇಳಿದ್ದರಿಂದ, ಓದಿ ಹೇಳುವಂತೆ ಅತ್ತೆಯೇ ನನಗೆ ಅಪ್ಪಣೆ ಮಾಡಿದರು. ನಾಲ್ಕು ಸಂಪುಟ ರಾಣಿ ಸುಡುತ್ತ ಹೋದಳು, ನಾನು ಓದುತ್ತ ಹೋದೆ, ಅತ್ತೆ ತಲೆದೂಗುತ್ತ ಹೋದರು.

ಐದನೆಯದರ ಸಮುದ್ರಯುದ್ಧಕ್ಕೆ ಸಾಷ್ಟಾಂಗ ನಮಸ್ಕಾರ. ಹಡಗು ನುಂಗುವ ಹಾವಿನ ಬಾಯಿಂದ ನಾವು ಹೊರಬರುವಷ್ಟರಲ್ಲಿ ಒಲೆಯ ಮೇಲೆ ಹುರಿಯಲಿಟ್ಟ ಸೋಯಾ ಕಾಳಿನ ತೆಂಪೆ ಕರಕಲಾಗಿತ್ತು. ಆದರೆ ಸುರಾತ್ಮ, ಸುಗಂದಿ, ಸುಮರ್ತೊ, ಸುರೆಂಗ್ ಎಂದು ಒಂದೇ ಪುಟದಲ್ಲಿ ಇಷ್ಟೊಂದು ಹೊಸಬರನ್ನು ಕರೆತಂದಿರಲ್ಲ, ಸತ್ತವರು ಯಾರು, ಅತ್ತವರು ಯಾರು ಎಂದು ದಯಮಾಡಿ ತಿಳಿಸಬೇಕು.

ಅದೂ ಇರಲಿ. ಕೊನೆಗೆ ಸೊಸೆ ಕಾಲಿಗೆ ಬೀಳುತ್ತಲೇ 'ರಾಣಿಯ ಮನಸ್ಸು ಕರಗಿತು' ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿರಿ. ಅತ್ತೆ ಎದ್ದು ಕೂತರು.

“ಅಷ್ಟೇನಾ? ಹಾಳೆ ಹರಿದಿದ್ಯಾ ನೋಡು.”

“ಇಲ್ಲ ಅತ್ತೆ, ಇರೋದೇ ಅಷ್ಟು.”

“ಥೂ! ಅತ್ತೆ ಅಂದ್ರೇನು ಅಂತ್ಲೇ ಗೊತ್ತಿಲ್ಲ ಕಣೇ ಇವನಿಗೆ! ಕೋಪ ಇಳಿಯೋದು ಅಂದ್ರೆ ಹುಡುಗಾಟನಾ? ನಿನ್ ಮೇಲಿಂದು ಇಳಿಯೋಕೆ ನಂಗೆ ಎಷ್ಟು ವರ್ಷ ಹಿಡೀತು!”

ಪುಸ್ತಕ ನನ್ನ ಕೈಯಿಂದ ಜಾರಿತು.

“ಇಳಿದಿದ್ಯಾ ಅತ್ತೆ? ಯಾವಾಗ?”

“ಹೋದ ಮಳೆಗಾಲದಲ್ಲಿ. ಹೇಳೋಕೆ ಮರ್ತಿದ್ದೆ. ಸರಿ, ಮುಂದೆ ಓದು.”

ಮುಂದೆ ಪುಟವಿರಲಿಲ್ಲ, ಇದ್ದಿದ್ದರೂ ನನಗೆ ಅಕ್ಷರ ಕಾಣುತ್ತಿರಲಿಲ್ಲ.

ಆದ್ದರಿಂದ ಮರುಮುದ್ರಣದಲ್ಲಿ ಉಳಿದದ್ದೆಲ್ಲ ತಿದ್ದಿದರೂ ಆ ಒಂದು ಸಾಲನ್ನು ಈಗಿರುವಷ್ಟೇ ಕೆಟ್ಟದಾಗಿ ಉಳಿಸಿಕೊಡಬೇಕೆಂದು ಪ್ರಾರ್ಥನೆ. ತಾವದನ್ನು ಚೆನ್ನಾಗಿ ಬರೆದಿದ್ದರೆ ಅತ್ತೆ ಕಣ್ಣೊರೆಸಿಕೊಂಡು ಮಲಗಿಬಿಡುತ್ತಿದ್ದರು. ನನಗೆ ವಿಷಯವೇ ತಿಳಿಯುತ್ತಿರಲಿಲ್ಲ.

ಎಂದು, ತಮ್ಮ ವಿಶ್ವಾಸಿಯೂ ತಡವಾಗಿ ಕ್ಷಮೆ ಪಡೆದವಳೂ ಆದ,
ವುರ್ಯಾನಿ

ಮರೆತ ಮಾತು: ಆರನೆಯ ಸಂಪುಟದ ಹಸ್ತಪ್ರತಿಯನ್ನು ಮೊದಲು ತಮ್ಮ ಅತ್ತೆಯವರಿಗೆ ಓದಿ ಹೇಳುವುದು ಒಳ್ಳೆಯದು. ತಮಗೆ ಅತ್ತೆಯಿಲ್ಲದಿದ್ದರೆ ನಮ್ಮವರನ್ನೇ ಕಳುಹಿಸುತ್ತೇನೆ. ಅವರು ಆಗಲೇ ಚೀಲ ತುಂಬಿಕೊಂಡು ಕೂತಿದ್ದಾರೆ.