ಮಾತು ಮಿದುಳಿಗೆ ಮುಟ್ಟಿದ ಬಗೆ

ಮನಸ್ಸಿಗೆ ಚಿಕಿತ್ಸೆ ಮಾಡುವವರ ಎದುರು ಜನ ಅಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನಾವು ನಗು ತಡೆಯಲು ಪಡುವ ಪಾಡು ಯಾರಿಗೂ ಗೊತ್ತಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತುವ ಆಪ್ತಸಮಾಲೋಚಕಿ ನಾನು. ಹೋದಲ್ಲೆಲ್ಲ ನಗು ತರಿಸುವಂಥದ್ದೊಂದು ಇದ್ದೇ ಇರುತ್ತದೆ. ಚಿಕ್ಕೇರೂರಿನ ಟಂಟಂ ಆಟೊ ಚಾಲಕನ ವಿಷಯದಲ್ಲಿ ಮಾತ್ರ ನಕ್ಕಿದ್ದಕ್ಕಿಂತ ಹೆದರಿದ್ದೇ ಹೆಚ್ಚು.

ಮನೆಮಂದಿ ಸಮೇತ

ರಟ್ಟೀಹಳ್ಳಿ ದಾರಿಯ ತಿರುವಿನಲ್ಲಿ ಆತನ ಟಂಟಂ ಪಲ್ಟಿಯಾಗಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಹ್ಯಾಂಡಲ್ ಹಿಡಿದರೆ ಕೈ ನಡುಕ, ಮೈಯೆಲ್ಲ ಬೆವರು. ಬಿತ್ತನೆ ಮುಗಿಯುವುದರೊಳಗೆ ಗಾಡಿ ಹತ್ತದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮಾಲಕ ಹೇಳಿಬಿಟ್ಟಿದ್ದ.

"ನಿಮಗ ಏನನಸ್ತೈತ್ರಿ?" ಎಂದು ಅವನನ್ನು ಕೇಳಿದರೆ ದವಾಖಾನೆಗೆ ಜೊತೆಯಾಗಿ ಬಂದ ತಾಯಿ, ಹೆಂಡತಿ ಇಬ್ಬರೂ ಉತ್ತರ ಕೊಟ್ಟರು. ಅವನ ಸರದಿ ಬರಲೇ ಇಲ್ಲ.

"ಅಪಾಯ ಮುಗದ್ರೂ ಮಿದುಳು ಸುಳ್ಳ ಕೂಗಾಕತ್ತೈತಿ," ಎಂದು ವಿವರಿಸಿದೆ. "ಮಾತು, ರೂಢಿ ಕೂಡಿದ್ರ ಅದು ಹೊಸದು ಕಲೀತೈತಿ, ಬದಲಾಗತೈತಿ."

"ಬರೇ ಮಾತು ಮಿದುಳಿಗೆ ಹೆಂಗ ಮುಟ್ಟತೈತ್ರಿ ಅಕ್ಕಾರ?" ಎಂದಳು ತಾಯಿ. "ಒಂದು ಸಲೈನ್ ಹಚ್ಚಿಬಿಡ್ರಿ."

ಮನೆಗೆ ಒಯ್ಯುವ ಚಿಕಿತ್ಸೆ

ಮುಂದಿನ ವಾರ ಹೆಂಡತಿ ಒಬ್ಬಳೇ ಬಂದಳು.

"ಅವ್ರು ಬಿತ್ತಾಕ ಹೋಗ್ಯಾರ್ರಿ. ಅತ್ತಿ ಬಿಪಿ ಗುಳಿಗಿ ನಾನ ಒಯ್ಯತೇನಲ್ರಿ, ಇದನ್ನೂ ನನಗ ಮಾಡ್ರಿ. ಮನ್ಯಾಗ ಅವ್ರಿಗೆ ಕೊಡ್ತೇನಿ."

ಸಿಟ್ಟು ನೆತ್ತಿಗೇರಿತು. ಆದರೆ ಬಿತ್ತನೆ ಮುಗಿಯುತ್ತ ಬಂದಿತ್ತು, ಬೇರೆ ದಾರಿ ಇರಲಿಲ್ಲ. ಅವಳಿಗೇ ಹೇಳಿಕೊಟ್ಟೆ: ನಿಂತ ಗಾಡಿಯಲ್ಲಿ ಕೂರಿಸು, ಹ್ಯಾಂಡಲ್ ಹಿಡಿಸು, ಹೆದರಿಕೆ ಇಳಿಯುವವರೆಗೆ ಏಳಲು ಬಿಡಬೇಡ, ಆಮೇಲೆ ಓಣಿಯಲ್ಲಿ ಓಡಿಸಲಿ. ನಾನಾಡಿದ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ ಕೇಳಿದಳು:

"ಊಟಕ್ಕ ಮೊದಲ ಮಾಡಸೂದೇನ್ರಿ, ಊಟ ಆದಮ್ಯಾಲ?"

ಅದೇ ತಿರುವು

ಬಿತ್ತನೆ ಮುಗಿಯಿತು. ಅವನು ಓಣಿಯಲ್ಲಿ ಓಡಿಸುವವರೆಗೆ ಬಂದಿದ್ದ, ಆದರೆ ಮಾಲಕನ ಗಡುವಿನಂತೆ ಅಂದೇ ಆ ತಿರುವು ದಾಟಬೇಕಿತ್ತು. ಅವನ ಪಕ್ಕ ನಾನು, ಹಿಂದೆ ತಾಯಿ, ಹೆಂಡತಿ. ತಿರುವು ಕಾಣುತ್ತಲೇ ಅವನ ಕೈ ನಡುಗಿತು. ಎದುರಿಗೆ ಮೇವು ಹೇರಿದ ಟ್ರ್ಯಾಕ್ಟರ್ ಬೇರೆ. ಇಲ್ಲಿ ನಿಲ್ಲಿಸಿದನೆಂದರೆ ಗಾಡಿ ಬೇರೆಯವರ ಪಾಲಾದಂತೆಯೇ. ನನಗೆ ಉಸಿರೇ ಹೊರಡಲಿಲ್ಲ. ಕಂಬಿ ಹಿಡಿದು ಕಣ್ಣು ಮುಚ್ಚಿದೆ.

"ಅಕ್ಕಾರ, ಕಣ್ಣು ತೆರೀರಿ," ಅವನದೇ ದನಿ. "ಉಸಿರು ಬಿಡ್ರಿ. ಮಿದುಳು ಸುಳ್ಳ ಕೂಗಾಕತ್ತೈತಿ. ಹೆದರಿಕಿ ಇಳಿಯೂಮಟ ಸುಮ್ನ ಕುಂದರ್ರಿ."

ಕಣ್ಣು ತೆರೆದರೆ ತಿರುವು ಹಿಂದೆ ಉಳಿದಿತ್ತು. ಅವನ ಕೈ ನಡುಗುತ್ತಿರಲಿಲ್ಲ. ನನಗೆ ಖುಷಿಗೆ ಕಣ್ಣು ತುಂಬಿತು. ಆದರೆ ನನ್ನ ಕೈಗಳ ನಡುಕ ನಿಲ್ಲಲೊಲ್ಲದು. ತಾಯಿ ಹಿಂದಿನಿಂದ ಬಗ್ಗಿ ನನ್ನ ಕೈ ನೋಡಿದಳು.

"ಗಾಡಿ ದವಾಖಾನಿ ಕಡೆ ತಿರಗಸಪಾ," ಎಂದಳು ಮಗನಿಗೆ. "ಪಾಪ, ಅಕ್ಕಾರಿಗೆ ಮಾತು ಮುಟ್ಟವಲ್ದು. ಒಂದು ಸಲೈನ್ ಹಚ್ಚಸೂಣು."