ತೇಗಿದರೆ ಮಾತ್ರ ನಿಲ್ಲುವ ಯಂತ್ರ

"ಇದು ಹುಳ ಅಲ್ಲ ಕನೇ, ಹಬ್ಬದೂಟ!" ಎಂದು ಪಂಪ್ ಮೆಕ್ಯಾನಿಕ್ ಚಿಕ್ಕಲಿಂಗಯ್ಯ ತನ್ನ ಹೊಸ ಯಂತ್ರದ ಬೆನ್ನು ತಟ್ಟಿದ.

ಹೆಂಡತಿ ಪುಟ್ಟತಾಯಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೋದ ವಾರ ಈ ಮಹಾನುಭಾವ ನೊಣದ ಮರಿಹುಳುಗಳನ್ನು ಮೇವೆಂದು ಹಸಿಹಸಿಯಾಗಿ ಸುರಿದು ಅವಳ ಕೋಳಿಗಳ ಹೊಟ್ಟೆ ಕೆಡಿಸಿದ್ದ. ಗಟ್ಟಿ ಸಿಪ್ಪೆ ಅರಗದೆ ಮುದ್ದಿನ ಚುಕ್ಕಿಕೋಳಿ ಎರಡು ದಿನ ಕತ್ತೆತ್ತಿರಲಿಲ್ಲ.

"ಇನ್ನೊಂದು ಕೋಳಿ ಮಂಕಾಗ್ಲಿ, ಇದು ಗುಜರಿಗೆ! ಗ್ಯಾನ ಇರ್ಲಿ."

"ಹುಳಾನ ಬೇಯ್ಸಿ, ಒಣಗ್ಸಿ, ಜಿಡ್ಡು ಹಿಂಡಿ, ನುಣ್ಣಗೆ ಪುಡಿ ಮಾಡ್ತದೆ. ರೋಗ ಇಲ್ಲ, ಅಜೀರ್ಣ ಇಲ್ಲ. ಅರಗಿದ್ದು ತಿಳ್ಯಕ್ಕೆ ಕಿವೀನೂ ಮಡಗಿವ್ನಿ. ತೇಗು ಕೇಳೋಗಂಟ ಬಡಿಸ್ತದೆ!"

ಗುಂಡಿ ಒತ್ತಿದ. ಕೋಳಿಗೂಡಿನ ಬಾಗಿಲು ತಾನೇ ಚಿಲಕ ಹಾಕಿಕೊಂಡಿತು. ಕೊಳವೆಯಿಂದ ಪುಡಿ ಸುರಿಯಿತು. ಕೋಳಿಗಳು ಮುಗಿಬಿದ್ದು ತಿಂದು, ಸಾಕಾಗಿ ಹಿಂದೆ ಸರಿದವು.

"ಸಂಕೋಚ ಪಡಬ್ಯಾಡಿ, ಇನ್ನೊಂದ್ ವಸಿ!" ಎಂದಿತು ಯಂತ್ರ, ಮದುವೆಮನೆಯ ಬೀಗರ ದನಿಯಲ್ಲಿ. ಪುಡಿ ಕೋಳಿಗಳ ಮೊಣಕಾಲು ಮುಚ್ಚಿತು. "ಇನ್ನೊಂದ್ ವಸಿ!" ಎದೆಮಟ್ಟ ಬಂತು.

"ನಿಲ್ಸ್ರೀ! ಉಸಿರು ಕಟ್ಟಿ ಸಾಯ್ತವೆ!"

"ತೇಗ್ಲಿ ತಡಿ."

"ಕೋಳಿ ಯಾವತ್ತಾರಾ ತೇಗಿದ್ದು ಕಂಡಿದ್ದೀರಾ?"

ಚಿಕ್ಕಲಿಂಗಯ್ಯ ಪಿಳಿಪಿಳಿ ಕಣ್ಣು ಬಿಟ್ಟ. ಇದು ಅವನಿಗೆ ಹೊಳೆದೇ ಇರಲಿಲ್ಲ!

"ಬ್ಯಾಟ್ರಿ ಕೀಳಿ!"

"ಯಾರೂ ಕೀಳಬಾರ್ದು ಅಂತ ಬೆಸುಗೆ ಹಾಕಿವ್ನಿ!"

"ಹಂಗಾದ್ರೆ ನೀವೇ ತೇಗಿ!"

"ಶನಿವಾರ, ಒಪ್ಪತ್ತು ಕನೇ! ಬೆಳಗಿಂದ ಹೊಟ್ಟೆ ಖಾಲಿ. ತೇಗು ಎಲ್ಲಿಂದ ತರ್ಲಿ?"

ಪುಟ್ಟತಾಯಮ್ಮ ತಾನೇ ತೇಗಲು ನೋಡಿದಳು. ಬಿಕ್ಕಳಿಕೆ ಬಂತು.

"ನೆತ್ತಿಗೇರ್ತಾ? ನೀರ್ ಕುಡೀರಿ!" ಎಂದು ಯಂತ್ರ ಅವಳ ಮುಖಕ್ಕೇ ನೀರು ಚಿಮ್ಮಿಸಿತು.

ಪುಡಿಯ ಮೇಲೆ ಈಗ ಚುಕ್ಕಿಯ ಕೆಂಪು ಜುಟ್ಟಷ್ಟೇ ಕಾಣುತ್ತಿತ್ತು. ಪುಟ್ಟತಾಯಮ್ಮನಿಗೆ ಅಳುವೇ ಬಂತು. ಬೀದಿ ಕೊನೆಯ ಅಂಗಡಿಗೆ ಓಡಿ, ಗೋಲಿಸೋಡಾ ತಂದು, ಗಂಡನ ಬಾಯಿಗೆ ತುರುಕಿದಳು. "ಸೋಡಾ ಊಟ ಅಲ್ಲ, ಕುಡೀರಿ!"

ಗಟಗಟ ಕುಡಿದವನ ಹೊಟ್ಟೆಯಾಳದಿಂದ ಬಂತು: "ಡರ್ರ್ರ್!"

ಪುಡಿ ನಿಂತಿತು. ಬಾಗಿಲು ತೆರೆಯಿತು. ಕೋಳಿಗಳು ಕೆಮ್ಮುತ್ತಾ ಹೊರಗೆ ಬಿದ್ದವು. ಪುಟ್ಟತಾಯಮ್ಮ ಚುಕ್ಕಿಯನ್ನು ಎತ್ತಿ ಹೊಟ್ಟೆ ಮುಟ್ಟಿ ನೋಡಿದಳು. ಮೆತ್ತಗಿತ್ತು, ತಿಂದದ್ದೆಲ್ಲ ಆಗಲೇ ಅರಗಿಹೋಗಿತ್ತು! ಅವಳ ಜೀವ ತಣ್ಣಗಾಯಿತು.

ಅಷ್ಟರಲ್ಲಿ ಕೊಳವೆ ಮೆಲ್ಲಗೆ ಚಿಕ್ಕಲಿಂಗಯ್ಯನತ್ತ ತಿರುಗಿತು.

"ಓಹೋ, ಉಂಡೋರು ನೀವಾ! ಇನ್ನೊಂದ್ ವಸಿ!"

ಬುಸ್ಸೆಂದು ಬಂದ ಪುಡಿ ಅವನನ್ನು ನೆತ್ತಿಯಿಂದ ಪಾದದವರೆಗೆ ಮುಚ್ಚಿತು. ಮತ್ತೆ ಹಸಿದಿದ್ದ ಮೂವತ್ತು ಕೋಳಿಗಳು ಒಟ್ಟಿಗೆ ಹಾರಿ ಅವನ ಮೇಲೆ ಬಿದ್ದವು. ಚುಕ್ಕಿಯೂ ಕೈಯಿಂದ ಜಿಗಿದು ನೇರ ಮೀಸೆಗೇ ಹೋಯಿತು.

"ಅಯ್ಯಯ್ಯೋ! ಬಿಡಿಸೇ!"

ಪುಟ್ಟತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಚುಕ್ಕಿ ಕುಕ್ಕುವ ಚುರುಕನ್ನು ಕಣ್ತುಂಬ ನೋಡಿದಳು.

"ಮೇವು ಚೆನ್ನಾಗದೆ ಕನ್ರೀ. ತಟ್ಟೆ ಮಾತ್ರ ವಸಿ ಅಲ್ಲಾಡ್ತದೆ."